3ನೇ ಪಿಕ್ ಸಿಕ್ಕಿದೆ, ಸೇಕ್ವಾನಾ ಗಿಬ್ಸಾ? ಭಾನುವಾರ ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟು, ಬೇಗ ಹೇಳಿ

ಜರ್ಸಿ ಜಯನಗರ
ನಮಸ್ಕಾರ ಎಲ್ರಿಗೂ. ಬುಧವಾರ ಗಣೇಶನ ಹಬ್ಬ ಮುಗೀತು, ಕಡುಬು ಇನ್ನೂ ಫ್ರಿಜ್ಜಲ್ಲಿದೆ, ತಲೆ ಮಾತ್ರ ಪೂರ್ತಿ ಡ್ರಾಫ್ಟ್ ಕಡೆ ಹೋಗ್ಬಿಟ್ಟಿದೆ. 2025ರ ಆಗಸ್ಟ್ 31 ಭಾನುವಾರ ಸಾಯಂಕಾಲ ನಮ್ ಫ್ಯಾಂಟಸಿ ಲೀಗ್ ಡ್ರಾಫ್ಟು, ಅಂದ್ರೆ ಅಮೆರಿಕನ್ ಫುಟ್‌ಬಾಲ್ (ಎನ್‌ಎಫ್‌ಎಲ್) ಆಟಗಾರರನ್ನ ಸರದಿ ಪ್ರಕಾರ ಒಬ್ಬೊಬ್ರನ್ನಾಗಿ ಆರಿಸ್ಕೊಳ್ಳೋದು, ಅವ್ರು ಮ್ಯಾಚಲ್ಲಿ ಆಡಿದ್ದಕ್ಕೆ ನಮ್ಗೆ ಪಾಯಿಂಟು. 12 ಟೀಮು, ಸ್ನೇಕ್ (ಒಂದು ರೌಂಡ್ 1ರಿಂದ 12, ಮುಂದಿನದ್ದು 12ರಿಂದ 1), ಹಾಫ್ ಪಿಪಿಆರ್ (ಒಂದು ಕ್ಯಾಚಿಗೆ ಅರ್ಧ ಪಾಯಿಂಟು), ಒಂದು ಕ್ಯೂಬಿ (ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್), ಎರಡು ಆರ್‌ಬಿ (ಬಾಲ್ ಹಿಡ್ಕೊಂಡು ಓಡೋ ರನ್ನಿಂಗ್ ಬ್ಯಾಕ್), ಎರಡು ರಿಸೀವರ್ (ಎಸೆದ ಬಾಲ್ ಹಿಡಿಯೋರು), ಒಂದು ಟಿಇ (ಟೈಟ್ ಎಂಡ್, ಇವ್ನೂ ಬಾಲ್ ಹಿಡಿಯೋನೇ), ಫ್ಲೆಕ್ಸ್ ಒಂದು (ಆರ್‌ಬಿನೋ ರಿಸೀವರೋ ಯಾರಾದ್ರೂ ಸರಿ), ಕಿಕ್ಕರ್, ಡಿಫೆನ್ಸ್, ಬೆಂಚ್ 6. ನಂಗೆ 3ನೇ ಪಿಕ್ (ಆರಿಸೋ ಸರದಿ) ಬಂದಿದೆ. ಎಲ್ಲಾ ರ‍್ಯಾಂಕಿಂಗ್ ಪಟ್ಟಿಲೂ ರಿಸೀವರ್ ಜಮಾರ್ ಚೇಸ್, ಆರ್‌ಬಿ ಬಿಜಾನ್ ರಾಬಿನ್ಸನ್ ಮೊದಲೆರಡು, ಸೋ ಅವರಿಬ್ರೂ ಹೋಗಿರ್ತಾರೆ ಅಂತಾನೇ ಇಟ್ಕೊಳ್ಳಿ. ಉಳಿಯೋದು ಆರ್‌ಬಿಗಳಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ, ಡೆಟ್ರಾಯ್ಟ್ ಲಯನ್ಸ್‌ನ ಜಮೀರ್ ಗಿಬ್ಸ್, ರಿಸೀವರ್‌ಗಳಲ್ಲಿ ಜೆಫರ್ಸನ್, ಲ್ಯಾಂಬ್. ಒಂದು ಪಟ್ಟಿಲಿ ಸೇಕ್ವಾನ್ ಮೇಲಿದ್ರೆ ಇನ್ನೊಂದರಲ್ಲಿ ಗಿಬ್ಸ್ ಮೇಲೆ, ಮೂರು ದಿನದಿಂದ ಇದೇ ನೋಡ್ತಾ ಕೂತಿದೀನಿ. ನೀವಾಗಿದ್ರೆ ಯಾರನ್ನ ತಗೋತೀರ, ಯಾಕೆ?

ಫಿಲ್ಲಿ ಮಂಡ್ಯ
ಸೇಕ್ವಾನ್. ಇದ್ರಲ್ಲಿ ಕೇಳೋದೇನಿದೆ ಗುರು. 2024ರಲ್ಲಿ 16 ಮ್ಯಾಚಲ್ಲಿ 2,005 ಯಾರ್ಡ್ ಓಡಿದಾನೆ, ಕೊನೇ ಮ್ಯಾಚ್ ಆಡಿಸ್ದೆ ಕೂರಿಸಿದ್ರು, ಆಡಿಸಿದ್ರೆ ಒಂದೇ ಸೀಸನ್ನಲ್ಲಿ ಓಡಿದ ಡಿಕರ್ಸನ್ ರೆಕಾರ್ಡ್ 2,105 ಕೈಯಲ್ಲೇ ಇತ್ತು. ಈ ಸಲ ಸೀಸನ್ ಶುರುವಾಗೋದೇ ನಮ್ಮೂರಲ್ಲಿ, ಗುರುವಾರ ಡಲ್ಲಾಸ್ ಮೇಲೆ, ಅದೂ ಅವ್ರ ಡಿಫೆನ್ಸ್ ಸ್ಟಾರ್ ಪಾರ್ಸನ್ಸ್ ಇಲ್ದಿರೋ ಡಲ್ಲಾಸ್ ಮೇಲೆ.

ಕುಡ್ಲ ಡಲ್ಲಾಸ್
ಪಾರ್ಸನ್ಸ್ ವಿಷಯ ತೆಗೀಬೇಡಿ ಮಾರಾಯ್ರೆ, ನಿನ್ನೆಯಿಂದ ಊಟ ಸೇರ್ತಾ ಇಲ್ಲ ನನಗೆ. ಸೀಸನ್ನಿಗೆ ಒಂದು ವಾರ ಇರುವಾಗ ಅಂಥವನನ್ನು ಪ್ಯಾಕರ್ಸಿಗೆ ಕೊಟ್ಟು ಕಳಿಸುವುದುಂಟಾ. ಇರಲಿ, ಪ್ರಶ್ನೆಗೆ ಬರುವ. ಸೇಕ್ವಾನ್ ಬೇಡ ಅಂತ ನನ್ನ ಅಭಿಪ್ರಾಯ. ಪ್ಲೇಆಫ್ ಸೇರಿಸಿದ್ರೆ ಹೋದ ಸೀಸನ್ ಅವ್ನು ಬಾಲ್ ಮುಟ್ಟಿದ್ದು 482 ಸಲ, 482! ಒಂದೊಂದು ಸಲವೂ ನೂರು ಕೆಜಿ ಮೇಲಿನವರು ಬಂದು ಗುದ್ದುವುದು, ಮೈ ಎಂತ ಕಬ್ಬಿಣವಾ? ಮತ್ತೆ 2,000 ಯಾರ್ಡ್ ದಾಟಿದವರ ಕಥೆ ನೋಡಿ. ಟೆರೆಲ್ ಡೇವಿಸ್ 1998ರಲ್ಲಿ 2,008, ಮರುವರ್ಷ ನಾಲ್ಕನೇ ಮ್ಯಾಚಲ್ಲಿ ಮೊಣಕಾಲು ಹೋಯ್ತು. ಜಮಾಲ್ ಲೂಯಿಸ್ 2,066ರಿಂದ 1,006ಕ್ಕೆ ಬಿದ್ದ. ಕ್ರಿಸ್ ಜಾನ್ಸನ್ 2,006 ಇದ್ದದ್ದು 1,364. ಪೀಟರ್ಸನ್ 2,097 ಇದ್ದದ್ದು 1,266. ಹೆನ್ರಿ 2020ರಲ್ಲಿ 2,027, ಮರುವರ್ಷ 8 ಮ್ಯಾಚಿಗೇ ಕಾಲು ಮುರ್ಕೊಂಡ. ಸೇಕ್ವಾನಿಗಿಂತ ಮುಂಚೆ ಎಂಟು ಜನ ದಾಟಿದ್ದಾರೆ, ಎಂಟರಲ್ಲಿ ಒಬ್ಬನೂ ಮುಂದಿನ ವರ್ಷ 1,500 ಮುಟ್ಟಲಿಲ್ಲ.

ಫಿಲ್ಲಿ ಮಂಡ್ಯ
ಬ್ಯಾರಿ ಸ್ಯಾಂಡರ್ಸ್ ಮರುವರ್ಷ 1,491 ಓಡಿದ, ಅದನ್ನ ಯಾಕೆ ಬಿಟ್ರಿ? ಜಾನ್ಸನ್ 1,364 ಅಂದ್ರಲ್ಲ, ಅದ್ರ ಜೊತೆ 11 ಟಚ್‌ಡೌನ್ (ಬಾಲ್‌ನ ಎದುರಾಳಿಯ ಕೊನೇ ಗೆರೆ ದಾಟಿಸೋದು) ಓಡಿದಾನೆ, ಅದೇನ್ ಕೆಟ್ಟ ಸೀಸನ್ನಾ? ಎರಡು ಸಾವಿರದಿಂದ ಇಳೀತಾನೆ ಅಂತ ನಂಗೂ ಗೊತ್ತು, ಯಾರ್ ಬೇಕಾದ್ರೂ ಇಳೀತಾರೆ, ಅಷ್ಟೆತ್ತರ ಹತ್ತಿದ್ಮೇಲೆ ಇಳೀದೇ ಇನ್ನೇನು. ಪ್ರಶ್ನೆ ಇರೋದು ಇಳಿದ್ಮೇಲೂ ಮೊದಲ ಐದರಲ್ಲಿ ಇರ್ತಾನಾ ಅಂತ. ನನ್ ಪ್ರಕಾರ ಇರ್ತಾನೆ.

ಹುಬ್ಬಳ್ಳಿ ಡೆಟ್ರಾಯ್ಟ್
ಹಂಗಲ್ರೀ, ಯಾರ್ಡ್ ಯಾರ್ಡ್ ಅಂತ ಯಾಕ್ ಬಡ್ಕೊಳ್ಳಾಕತ್ತೀರಿ, ಪಾಯಿಂಟ್ ಲೆಕ್ಕ ಹಾಕ್ರಿ. ಗಿಬ್ಸ್ 2024ರಾಗ 1,412 ಯಾರ್ಡ್ ಓಡ್ಯಾನ, 52 ಕ್ಯಾಚು, ಅದರಾಗ 517 ಯಾರ್ಡು, ಒಟ್ಟ 20 ಟಚ್‌ಡೌನ್. ಸೇಕ್ವಾನ್ 2,005 ಓಡ್ಯಾನ, 33 ಕ್ಯಾಚಿಗೆ 278 ಯಾರ್ಡು, ಒಟ್ಟ 15 ಟಚ್‌ಡೌನ್. ಫಂಬಲ್, ಟೂ ಪಾಯಿಂಟ್ ಎಲ್ಲಾ ಬಿಡ್ರಿ, ಬರೇ ಇಷ್ಟ ಲೆಕ್ಕ ಹಿಡಿದ್ರ ಹಾಫ್ ಪಿಪಿಆರ್‌ನಾಗ ಗಿಬ್ಸ್ 339 ಹತ್ರ, ಸೇಕ್ವಾನ್ 335 ಹತ್ರ. ಕ್ಯಾಚಿಗೆ ಪೂರ್ತಿ ಪಾಯಿಂಟ್ ಕೊಡೋ ಲೀಗ್ ಆದ್ರ ಗಿಬ್ಸ್ ಹದಿಮೂರು ಪಾಯಿಂಟ್ ಮುಂದ, ಕ್ಯಾಚಿಗೆ ಏನೂ ಇಲ್ಲಾಂದ್ರ ಸೇಕ್ವಾನ್ ಮುಂದ. ಅಂದ್ರ ನೀವು ನೋಡೋ ಪಟ್ಟಿ ಯಾವ ಸ್ಕೋರಿಂಗಿಗೆ ಮಾಡ್ಯಾರ ಅನ್ನೋದ ಮೊದಲು ನೋಡ್ಬೇಕು. ಮತ್ತ ಇದೆಲ್ಲಾ ಲಯನ್ಸ್‌ನ ಇನ್ನೊಬ್ಬ ಆರ್‌ಬಿ ಮಾಂಟ್‌ಗೊಮೆರಿ ಜೋಡಿ ಪಾಲು ಹಂಚ್ಕೊಂಡು ಮಾಡಿದ್ದು ನೋಡ್ರಿ, ಮಾಂಟ್‌ಗೊಮೆರಿನೂ ಅದ ವರ್ಷ 12 ಟಚ್‌ಡೌನ್ ಓಡ್ಯಾನ. ಅಂವ ಇಲ್ದಾಗ ವೈಕಿಂಗ್ಸ್ ಮ್ಯಾಲೆ 18ನೇ ವಾರ ಗಿಬ್ಸ್ ಒಬ್ಬನ ನಾಕು ಟಚ್‌ಡೌನ್ ಹೊಡ್ದ. ನಾ ಅವತ್ತ ಫೋರ್ಡ್ ಫೀಲ್ಡ್‌ನಾಗ ಇದ್ದೆ, ನಾಕನೇದ್ದಕ್ಕ ಮುಂದಿನ ಸೀಟಿನ ಮುದುಕಪ್ಪ ಎದ್ದು ನನ್ನ ಅಪ್ಪಿಕೊಂಡ, ಹೆಸರ ಗೊತ್ತಿಲ್ಲ ಊರ ಗೊತ್ತಿಲ್ಲ. ವಯಸ್ಸ 23 ಅದ ಹುಡುಗಗ.

ಕುಡ್ಲ ಡಲ್ಲಾಸ್
ಲಯನ್ಸಿಗೆ ಪ್ಲೇ ಬರೆಯುತ್ತಿದ್ದ ಕೋಚ್ ಬೆನ್ ಜಾನ್ಸನ್ ಹೋದನಲ್ಲ ಶಿಕಾಗೋಗೆ? ಆ ಪ್ಲೇಗಳೆಲ್ಲ ಅವನ ತಲೆಯಿಂದ ಬಂದದ್ದು. ರ‍್ಯಾಗ್ನೌ ಜೂನಲ್ಲಿ ರಿಟೈರ್ ಆದ, ಝೈಟ್ಲರ್ ಟೈಟನ್ಸಿಗೆ ಹೋದ. ಓಡುವವನಿಗೆ ದಾರಿ ಬಿಡಿಸುವ ಸೆಂಟರ್ ಇಲ್ಲ, ಗಾರ್ಡ್ ಇಲ್ಲ, ಪ್ಲೇ ಬರೆಯುವವನೂ ಇಲ್ಲ, ಗಿಬ್ಸ್ ಒಬ್ಬನೇ ಎಂತ ಮಾಡುವುದು?

ಹುಬ್ಬಳ್ಳಿ ಡೆಟ್ರಾಯ್ಟ್
ಅದು ಖರೆ ಐತ್ರೀ, ರ‍್ಯಾಗ್ನೌ ಹೋಗಿದ್ದು ನನಗೂ ಹೊಟ್ಟಿ ಸಂಕಟ ಆಗೇತಿ. ಆದ್ರ ಈಗಲ್ಸ್ ಬಿಟ್ಟೂ ಪ್ಲೇ ಬರೆಯೋ ಕೆಲನ್ ಮೂರ್ ಹೋಗ್ಯಾನ ಸೇಂಟ್ಸ್‌ಗೆ, ಗಾರ್ಡ್ ಬೆಕ್ಟನ್ ಹೋಗ್ಯಾನ ಚಾರ್ಜರ್ಸ್‌ಗೆ. ಎರಡೂ ಕಡೆ ಅದ ಕಥಿ.

ಬೇ ಏರಿಯಾ ಬಸವನಗುಡಿ
ಜರ್ಸಿಯವ್ರೇ, ಪಟ್ಟಿಲಿ ಮೊದಲ ನಂಬರ್ ಇರೋದಕ್ಕೆ ಎಷ್ಟು ಬೆಲೆ ಅಂತ ನಾನ್ ಹೇಳ್ತೀನಿ ಕೇಳಿ. ಹೋದ ವರ್ಷ ನಂಗೆ ಮೊದಲನೇ ಪಿಕ್ ಬಂದಿತ್ತು. ಎಲ್ರ ಪಟ್ಟಿಲೂ ಸ್ಯಾನ್ ಫ್ರಾನ್ಸಿಸ್ಕೋ ಆರ್‌ಬಿ ಮೆಕ್ಯಾಫ್ರಿ ಒಂದನೇ ನಂಬರ್, 2023ರಲ್ಲಿ 21 ಟಚ್‌ಡೌನ್ ಮಾಡಿದ್ದ, ಕಣ್ಮುಚ್ಚಿ ತಗೊಂಡೆ. ಕಾಫ್ ನೋವು ಅಂತ ಆಗಸ್ಟಲ್ಲೇ ಪ್ರಾಕ್ಟೀಸಿಗೆ ಬರ್ತಿರ್ಲಿಲ್ಲ, ಆದ್ರೂ ಪಟ್ಟಿಲಿ ಯಾರೂ ಕೆಳಗಿಳಿಸ್ಲಿಲ್ಲ, ಹಾಗಾಗಿ ನಾನೂ ತಲೆ ಕೆಡಿಸ್ಕೊಳ್ಳಿಲ್ಲ. ಶನಿವಾರ ಗಣೇಶನ ಹಬ್ಬ, ಸೋಮವಾರ ಜೆಟ್ಸ್ ಮೇಲೆ ಮ್ಯಾಚು. ಮಧ್ಯಾಹ್ನ ನಾಲ್ಕಕ್ಕೆ ಕಾಲು ಗಂಟೆ ಇದೆ ಅನ್ನೋವಾಗ ನಾನು ಆಫೀಸ್ ಮೀಟಿಂಗಲ್ಲಿ ಸ್ಕ್ರೀನ್ ಶೇರ್ ಮಾಡ್ತಾ ಕೂತಿದೀನಿ, ಮೇಜಿನ ಮೇಲೆ ಫೋನ್ ಗುಂಯ್ ಗುಂಯ್ ಅಂತಿದೆ, ನೋಡೋ ಹಾಗಿಲ್ಲ. ಮೀಟಿಂಗ್ ಮುಗಿಸಿ ನೋಡಿದ್ರೆ ಮೆಕ್ಯಾಫ್ರಿ ಆಡ್ತಿಲ್ಲ. ಜಾರ್ಡನ್ ಮೇಸನ್ ಅಂತ ಬ್ಯಾಕಪ್ ಇದ್ದಾನಲ್ಲ ಅಂತ ಹುಡುಕಿದ್ರೆ ಆರೇ ನಿಮಿಷ ಮುಂಚೆ ನಮ್ ಲೀಗಲ್ಲೇ ಒಬ್ರು ಎತ್ಕೊಂಡಿದಾರೆ. ಆ ರಾತ್ರಿ ಮೇಸನ್ 147 ಯಾರ್ಡ್ ಓಡಿದ. ಮೆಕ್ಯಾಫ್ರಿ ಸೀಸನ್ ಪೂರ್ತಿ ಆಡಿದ್ದು 4 ಮ್ಯಾಚು. ನಂದು ಕೊನೇ ಸ್ಥಾನ.

ಪಾಠ ಏನಂದ್ರೆ ಮೈ ಸರಿ ಇಲ್ಲದವ್ನ ಮೊದಲ ರೌಂಡಲ್ಲಿ ಮುಟ್ಬೇಡಿ, ಮುಟ್ಟಿದ್ರೆ ಅವ್ನ ಬ್ಯಾಕಪ್‌ನ ಕೊನೇ ರೌಂಡಲ್ಲಾದ್ರೂ ತಗೊಂಡಿಟ್ಕೊಳ್ಳಿ. ಈ ವರ್ಷ ಯಾರಾದ್ರೂ ಮೆಕ್ಯಾಫ್ರಿ ತಗೊಂಡ್ರೆ ಬ್ರಯಾನ್ ರಾಬಿನ್ಸನ್ ಹೆಸರು ಬರ್ದಿಟ್ಕೊಳ್ಳಿ, ಈ ತಿಂಗಳು ವಾಷಿಂಗ್ಟನ್ನಿಂದ ಬಂದಿದಾನೆ.

ನೈಟ್ ಶಿಫ್ಟ್ ಬೆಂಗ್ಳೂರು
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಾನು ಬೆಂಗ್ಳೂರಲ್ಲಿ, ಅಮೆರಿಕ ಕ್ಲೈಂಟ್ ಜೊತೆ ಕೆಲ್ಸ, ಅವ್ರ ಆಫೀಸ್ ಲೀಗಿಗೆ ಈ ವರ್ಷ ನನ್ನೂ ಸೇರಿಸ್ಕೊಂಡಿದಾರೆ. ಭಾನುವಾರ ರಾತ್ರಿ ಹತ್ತೂವರೆಗೆ ಮ್ಯಾಚ್ ಶುರುವಾಗುತ್ತೆ, ಎರಡು ವರ್ಷದಿಂದ ನೋಡ್ತಿದೀನಿ, ಆಟ ಅರ್ಥ ಆಗುತ್ತೆ, ಈ ಡ್ರಾಫ್ಟ್ ಮಾತ್ರ ಹೊಸದು. ಡ್ರೀಮ್ ಇಲೆವೆನ್ ಆಡಿ ಅಭ್ಯಾಸ (ಹೋದ ವಾರ ಹೊಸ ಕಾಯ್ದೆ ಬಂದು ದುಡ್ಡಿನ ಆಟ ನಿಂತೋಯ್ತಲ್ಲ), ಅಲ್ಲಿ ಎಲ್ರೂ ಕೊಹ್ಲಿನ ಹಾಕ್ಕೋಬಹುದಿತ್ತು. ಇಲ್ಲಿ ಒಬ್ರು ತಗೊಂಡ್ರೆ ಇನ್ನೊಬ್ರಿಗೆ ಇಲ್ಲ ಅಂತಾರೆ. ಹಾಗಿದ್ರೆ ನನ್ ಸರದಿ ಬಂದಾಗ ಪಟ್ಟಿಲಿ ಉಳಿದಿರೋರಲ್ಲಿ ಮೇಲಿರೋನ್ನ ತಗೊಂಡು ಹೋದ್ರೆ ಸಾಕಲ್ವಾ? ಇಷ್ಟೊಂದು ತಂತ್ರ ಯಾಕೆ?

ಕೊಡಗು ಕಾಫಿ
ಇದೇ ಪ್ರಶ್ನೆಗೆ ಕಾಯ್ತಿದ್ದೆ. ಸಾಕಾಗಲ್ಲ ತಮ್ಮ, ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಎಂಟು ವರ್ಷದಿಂದ ಒಂದೇ ಲೀಗಲ್ಲಿ ಆಡ್ತಿದೀನಿ, ಮೂರು ಸಲ ಗೆದ್ದಿದೀನಿ, ಗೆದ್ದ ಮೂರೂ ವರ್ಷ ನನ್ನ ಮೊದಲ ಪಿಕ್ ಯಾರು ಅಂತ ಕೇಳಿದ್ರೆ ಯೋಚ್ನೆ ಮಾಡಿ ಹೇಳ್ಬೇಕು, ಆದ್ರೆ ಆರನೇ ಏಳನೇ ರೌಂಡಲ್ಲಿ ಯಾರು ಸಿಕ್ರು ಅಂತ ಥಟ್ಟಂತ ಹೇಳ್ತೀನಿ. ಪಟ್ಟಿ ಮಾಡೋರು ಆಟಗಾರರನ್ನ ಒಬ್ಬರ ಕೆಳಗೆ ಒಬ್ಬರನ್ನ ಬರೀತಾರೆ, 14, 15, 16 ಅಂತ. ಅದನ್ನ ನೋಡಿದ್ರೆ ಎಲ್ಲರ ಮಧ್ಯೆನೂ ಒಂದೇ ಅಂತರ ಇದೆ ಅನ್ಸುತ್ತೆ, ಆದ್ರೆ ಹಾಗಿರಲ್ಲ. ಕೆಲವು ಕಡೆ ಮೆಟ್ಟಿಲು, ಕೆಲವು ಕಡೆ ಪ್ರಪಾತ. ಈ ವರ್ಷದ ಟಿಇ ನೋಡಿ. ಬ್ರಾಕ್ ಬೋವರ್ಸ್ ಹೋದ ವರ್ಷ ಮೊದಲ ಸೀಸನ್ನಲ್ಲೇ 112 ಕ್ಯಾಚು, ಮೆಕ್‌ಬ್ರೈಡ್ 111 ಕ್ಯಾಚು, ಕಿಟಲ್ 1,106 ಯಾರ್ಡು 8 ಟಚ್‌ಡೌನು. ಈ ಮೂವರು ಹೋದ್ಮೇಲೆ ನಾಲ್ಕನೇಯವ್ನು ಸಿಕ್ಕಿದ್ರೂ ಒಂದೇ, ಹತ್ತನೇಯವ್ನು ಸಿಕ್ಕಿದ್ರೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಮೂವರಲ್ಲಿ ಒಬ್ಬ ಬೇಕಾದ್ರೆ ಬೇಗ ತಗೊಳ್ಳಿ, ಇಲ್ದಿದ್ರೆ ಕೊನೇವರೆಗೂ ಆ ಕಡೆ ತಿರುಗಿ ನೋಡ್ಬೇಡಿ, ಮಧ್ಯದಲ್ಲಿ ತಗೊಂಡೋರಿಗೇ ನಷ್ಟ.

ಕ್ಯೂಬಿ ಕಥೆ ಉಲ್ಟಾ. ಹೋದ ವರ್ಷ ಲಮಾರ್ 41 ಟಚ್‌ಡೌನ್ ಎಸೆದ, ಬೇಕರ್ ಮೇಫೀಲ್ಡೂ 41 ಎಸೆದ. ಲಮಾರ್ ಓಡಿ ಇನ್ನೂ 915 ಯಾರ್ಡ್ ಸೇರಿಸ್ತಾನೆ, ಅವ್ನೇ ಮೇಲು, ಒಪ್ಕೋತೀನಿ. ಆದ್ರೆ ಒಬ್ಬನಿಗೆ ಮೂರನೇ ನಾಲ್ಕನೇ ರೌಂಡ್ ಕೊಟ್ರಿ, ಇನ್ನೊಬ್ಬ ಕೊನೇ ರೌಂಡುಗಳಲ್ಲಿ ಬಿದ್ದಿದ್ದ. ಹನ್ನೆರಡು ಜನ, ತಲಾ ಒಂದು ಕ್ಯೂಬಿ ಆಡಿಸೋದು, ಆರ್‌ಬಿ ರಿಸೀವರ್ ಆದ್ರೆ ಫ್ಲೆಕ್ಸ್ ಸೇರಿ ತಲಾ ಐದು ಜಾಗ. ಯಾವುದು ಬೇಗ ಖಾಲಿಯಾಗುತ್ತೆ ನೀವೇ ಹೇಳಿ.

ಅದಕ್ಕೇ ನಾನು ಪಟ್ಟಿನ ಕತ್ತರಿಸಿ ಗುಂಪು ಮಾಡ್ಕೋತೀನಿ. ಒಂದು ಹಳೇ ನೋಟ್‌ಬುಕ್ಕು, ಒಂದೊಂದು ಪೊಸಿಷನ್ನಿಗೆ ಒಂದೊಂದು ಪುಟ, ಎಲ್ಲಿ ಆಟದ ಮಟ್ಟ ಕುಸಿಯುತ್ತೆ ಅನ್ಸುತ್ತೋ ಅಲ್ಲಿ ಕೆಂಪು ಪೆನ್ನಲ್ಲಿ ಅಡ್ಡ ಗೆರೆ. ಡ್ರಾಫ್ಟ್ ಆಗ್ತಾ ಇದ್ದ ಹಾಗೆ ಹೆಸರು ಹೊಡೀತಾ ಹೋಗ್ತೀನಿ. ನನ್ನ ಸರದಿ ಬಂದಾಗ ನಾನು ಕೇಳ್ಕೊಳ್ಳೋದು ಒಂದೇ, ಈಗ ಬಿಟ್ರೆ ಮುಂದಿನ ಸರದಿ ಬರೋಷ್ಟರಲ್ಲಿ ಯಾವ ಕೆಂಪು ಗೆರೆ ದಾಟಿ ಹೋಗಿರುತ್ತೆ?

ನೈಟ್ ಶಿಫ್ಟ್ ಬೆಂಗ್ಳೂರು
ಅಕ್ಕ ಥ್ಯಾಂಕ್ಸ್, ಈಗ ಅರ್ಥ ಆಯ್ತು. ಒಂಥರಾ ಹೋದ ನವೆಂಬರಲ್ಲಿ ಆರ್‌ಸಿಬಿ ಮಾಡಿದ್ದು ಹಾಗೇ ಅಲ್ವಾ. ರಾಹುಲ್‌ನ ಬಿಟ್ಬಿಟ್ರು ಅಂತ ನಾವೆಲ್ಲಾ ಎಷ್ಟು ಬೈದಿದ್ವಿ, 14 ಕೋಟಿಗೆ ಡೆಲ್ಲಿಗೆ ಹೋದ. ಆ ದುಡ್ಡಲ್ಲಿ ಹೇಜಲ್‌ವುಡ್, ಭುವಿ, ಸಾಲ್ಟ್, ಜಿತೇಶ್ ಅಂತ ಒಂದೊಂದು ಜಾಗ ತುಂಬ್ಕೊಂಡು ಬಂದ್ರು. 5.75 ಕೋಟಿ ಕೃನಾಲ್ ಫೈನಲ್ಲಲ್ಲಿ ಮ್ಯಾನ್ ಆಫ್ ದ ಮ್ಯಾಚ್.

ಫಿಲ್ಲಿ ಮಂಡ್ಯ
ಅದೇ ಆರ್‌ಸಿಬಿ ವೆಂಕಟೇಶ್ ಅಯ್ಯರ್‌ಗೆ 23.50 ಕೋಟಿವರೆಗೂ ಕೈ ಎತ್ತಿತ್ತು ಅನ್ನೋದನ್ನೂ ನೆನಪಿಟ್ಕೊಳ್ಳಿ. ಕೆಕೆಆರ್ 23.75 ಅಂದಿದ್ದಕ್ಕೆ ಬಚಾವಾದ್ವಿ.

ಕೊಡಗು ಕಾಫಿ
ಆಕ್ಷನ್ (ಹರಾಜು) ಡ್ರಾಫ್ಟಿಗೆ ಅದಕ್ಕಿಂತ ಒಳ್ಳೆ ಉದಾಹರಣೆ ಬೇಡ. 200 ಡಾಲರ್ ಇರುತ್ತೆ ಕೈಲಿ, ಮೊದಲೇ ಬರ್ದಿಟ್ಟ ಬೆಲೆ ದಾಟಿದ್ರೆ ಕೈ ಕೆಳಗೆ. ಎದುರಿನವ್ರು ಬಿಡ್ತಿಲ್ಲ ಅಂತ ಹಠಕ್ಕೆ ಬಿದ್ರೆ ಮುಗೀತು.

ಕುಡ್ಲ ಡಲ್ಲಾಸ್
ಅಕ್ಕ ಹೇಳಿದ್ದು ಸರಿಯೇ, ಆದ್ರೆ ಅದೇ ಲೆಕ್ಕ ಹಿಡಿದ್ರೆ ಮೊದಲ ನಾಲ್ಕೈದು ರೌಂಡ್ ಆರ್‌ಬಿ ಮುಟ್ಟಲೇಬಾರದು ಅಂತ ನಾನು ಹೇಳುವುದು. ಝೀರೋ ಆರ್‌ಬಿ. ರಿಸೀವರ್‌ಗಳು ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ, ಆರ್‌ಬಿಗಳು ಮುರೀತಾರೆ. 2023ರಲ್ಲಿ ಡಾಬಿನ್ಸ್ ಮೊದಲನೇ ವಾರವೇ ಅಕಿಲೀಸ್, ಚಬ್ ಎರಡನೇ ವಾರ ಮೊಣಕಾಲು, ಆ ರಿಪ್ಲೇ ಟಿವಿಯವರು ತೋರಿಸಲಿಕ್ಕೂ ಇಲ್ಲ, ಅಷ್ಟು ಘೋರ. ಅವರ ಜಾಗಕ್ಕೆ ಬಂದವರನ್ನು ಬೆಂಚಿನಿಂದಲೋ ವೇವರ್‌ನಿಂದಲೋ (ಯಾರೂ ಆರಿಸದೆ ಉಳಿದವರ ಪಟ್ಟಿ) ತಕ್ಕೊಂಡರಾಯ್ತು. ಹೋದ ವರ್ಷ ಚೂಬಾ ಹಬ್ಬರ್ಡ್ 1,195 ಓಡಿದ, ಬಕ್ಕಿ ಅರ್ವಿಂಗ್ 1,122, ಇಬ್ಬರಿಗೂ ಡ್ರಾಫ್ಟಿನಲ್ಲಿ ಯಾರು ದೊಡ್ಡ ಬೆಲೆ ಕೊಟ್ಟಿದ್ರು ಹೇಳಿ.

ಹುಬ್ಬಳ್ಳಿ ಡೆಟ್ರಾಯ್ಟ್
ಹೇಳೋದು ಸುಲಭ ಐತಿ. ಹೋದ ವರ್ಷ ಸೇಕ್ವಾನ್, ಹೆನ್ರಿ, ಗಿಬ್ಸ್, ಬಿಜಾನ್ ನಾಕೂ ಮಂದಿ ಗಟ್ಟಿ ನಿಂತ್ರು, ಹೆನ್ರಿ ಅಂತೂ 30 ವಯಸ್ಸಿಗೆ 1,921 ಓಡ್ಯಾನ. ಮೊದಲ ರೌಂಡಿನ ರಿಸೀವರ್ ಟೈರೀಕ್ ಹಿಲ್ ಸಾವಿರ ಯಾರ್ಡ್ ಸುದ್ದಾ ಮುಟ್ಟಲಿಲ್ಲ, 959ಕ್ಕ ನಿಂತ. ನಿಮ್ಮ ಝೀರೋ ಆರ್‌ಬಿ ಮಂದಿ ಹೋದ ವರ್ಷ ಎಲ್ಲಿ ಹೋದ್ರು?

ಬೇ ಏರಿಯಾ ಬಸವನಗುಡಿ
2023ರಲ್ಲಿ ಪೂಕಾ ನಕುವಾ ಡ್ರಾಫ್ಟೇ ಆಗಿರ್ಲಿಲ್ಲ ತುಂಬ ಲೀಗಲ್ಲಿ, 105 ಕ್ಯಾಚು 1,486 ಯಾರ್ಡು. ರಿಸೀವರೂ ಬೀದೀಲಿ ಸಿಗ್ತಾನೆ ಅದೃಷ್ಟ ಇದ್ರೆ. ಯಾವ ಸಿದ್ಧಾಂತನೂ ಪ್ರತಿ ವರ್ಷ ನಡೆಯಲ್ಲ ಕಣ್ರೀ.

ಜರ್ಸಿ ಜಯನಗರ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮ ಲೆಕ್ಕ ನನ್ನ 3ನೇ ಪಿಕ್ಕಿಗೆ ಹೇಗೆ ಕೂರುತ್ತೆ? ನನ್ನ ಸರದಿ 3, ಆಮೇಲೆ 22, 27, 46, 51, 70, 75.

ಕೊಡಗು ಕಾಫಿ
ಈ ನಂಬರ್ ಬರೆದ್ರಲ್ಲ, ಅದ್ರಲ್ಲೇ ಉತ್ತರ ಇದೆ ನೋಡಿ. 3ರಿಂದ 22ರವರೆಗೆ ಮಧ್ಯ 18 ಜನ ಹೋಗ್ತಾರೆ. 22ರಿಂದ 27ಕ್ಕೆ ಬರೀ ನಾಲ್ಕು. ಆ ನಾಲ್ಕು ಪಿಕ್ಕನ್ನ ಮಾಡೋದು ಇಬ್ಬರೇ, ನಿಮ್ಮ ಮುಂದೆ ಕೂತಿರೋ 1ನೇ ಟೀಮು, 2ನೇ ಟೀಮು, ತಲಾ ಎರಡು. ಆಮೇಲೆ ಮತ್ತೆ 18 ಜನ. ಹೀಗೇ ಉದ್ದ, ಗಿಡ್ಡ, ಉದ್ದ, ಗಿಡ್ಡ ಅಂತ ಕೊನೇವರೆಗೂ ನಡೆಯುತ್ತೆ. ಅಂದ್ರೆ ನೀವು ಹನ್ನೊಂದು ಜನರ ಮನಸ್ಸು ಓದ್ಬೇಕಾಗಿಲ್ಲ, ಗಿಡ್ಡ ಅಂತರದಲ್ಲಿ ಇಬ್ಬರದ್ದು ಓದಿದ್ರೆ ಸಾಕು. 70ನೇ ಪಿಕ್ ಬಂದಾಗ ಅವರಿಬ್ಬರ ಟೀಮ್ ತೆಗೆದು ನೋಡಿ. ಇಬ್ಬರ ಹತ್ರಾನೂ ಕ್ಯೂಬಿ ಇದ್ಯಾ? ಹಾಗಿದ್ರೆ 75ರವರೆಗೆ ಕ್ಯೂಬಿನ ಅವರು ಮುಟ್ಟೋದು ಕಮ್ಮಿ, ನೀವು 70ರಲ್ಲಿ ಬೇರೆಯವ್ನ ತಗೊಂಡು ಕ್ಯೂಬಿನ 75ಕ್ಕೆ ಬಿಡಿ. ಯಾವ ಪಟ್ಟಿಲೂ ಇದು ಸಿಗಲ್ಲ, ಯಾಕಂದ್ರೆ ಪಟ್ಟಿ ಬರೆದವ್ರಿಗೆ ನಿಮ್ಮ ಲೀಗಿನ ಜನ ಗೊತ್ತಿಲ್ಲ.

ಅದಕ್ಕೇ ಕೇಳ್ತೀನಿ, ಆ 1 ಮತ್ತು 2 ಯಾರು? ಯಾವ ಊರಿನವ್ರು, ಯಾವ ಟೀಮಿನ ಅಭಿಮಾನಿಗಳು?

ಗಿಬ್ಸಾ ಸೇಕ್ವಾನಾ ಅಂತ ಕೇಳಿದ್ದಕ್ಕೆ ಉತ್ತರ ಕೊಡದೇ ಇದ್ರೆ ತಪ್ಪಾಗುತ್ತೆ, ನಾನಾದ್ರೆ ಗಿಬ್ಸ್. ಕ್ಯಾಚಿಗೆ ಪಾಯಿಂಟ್ ಇರೋ ಲೀಗು, ವಯಸ್ಸು ಚಿಕ್ಕದು, 482 ಟಚ್ ಭಾರ ಇಲ್ಲ. ಆದ್ರೆ ಇಬ್ಬರೂ ನನ್ನ ನೋಟ್‌ಬುಕ್ಕಲ್ಲಿ ಒಂದೇ ಗೆರೆ ಮೇಲಿದ್ದಾರೆ, ಹಾಗಾಗಿ ಮೂರು ದಿನ ನಿದ್ದೆಗೆಡೋ ವಿಷಯ ಇದಲ್ಲ. ಆ ಹೊತ್ತನ್ನ 46, 51, 70, 75ಕ್ಕೆ ಕೊಡಿ.

ಜರ್ಸಿ ಜಯನಗರ
1ನೇ ಪಿಕ್ ನಮ್ ಆಫೀಸ್ ಮ್ಯಾನೇಜರು, ಪಟ್ಟಿ ಬಿಟ್ಟು ಅಲ್ಲಾಡಲ್ಲ, ಚೇಸ್‌ನೇ ತಗೋತಾರೆ. 2ನೇಯವ್ರು ಫಿಲಡೆಲ್ಫಿಯಾ ಪಕ್ಕದ ಚೆರ್ರಿ ಹಿಲ್ ಹತ್ರದವ್ರು, ಫೆಬ್ರವರಿಲಿ ಈಗಲ್ಸ್ ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಗೆದ್ದಾಗ ಎರಡು ದಿನ ರಜಾ ಹಾಕಿದ್ರು... ಅಯ್ಯೋ, ಈಗ ಹೊಳೀತಿದೆ.

ಫಿಲ್ಲಿ ಮಂಡ್ಯ
ನಮ್ಮೋರು! ಬಿಜಾನ್‌ನ ಬಿಟ್ಟು ಸೇಕ್ವಾನ್‌ನೇ ತಗೋತಾರೆ, ನಾನಾಗಿದ್ರೂ ಅದೇ ಮಾಡ್ತಿದ್ದೆ.

ಬೇ ಏರಿಯಾ ಬಸವನಗುಡಿ
ಇನ್ನೊಂದು ವಿಷಯ, ಮರೆತೋಗ್ತೀನಿ. ರಿಸೀವರ್ ರಷೀ ರೈಸ್ ಆರು ಮ್ಯಾಚ್ ಆಡೋ ಹಾಗಿಲ್ಲ ಅಂತ ಹಬ್ಬದ ದಿನಾನೇ ಸುದ್ದಿ ಬಂತು, ಹಳೇ ಪಟ್ಟಿ ಪ್ರಿಂಟ್ ಹಾಕಿ ಇಟ್ಕೊಂಡೋರು ಬದ್ಲಾಯಿಸ್ಕೊಳ್ಳಿ. ಮತ್ತೆ ಲ್ಯಾಪ್‌ಟಾಪ್ ಚಾರ್ಜರ್ ಪಕ್ಕದಲ್ಲೇ ಇಟ್ಕೊಳ್ಳಿ. ಎರಡು ವರ್ಷದ ಹಿಂದೆ ಡ್ರಾಫ್ಟ್ ಮಧ್ಯ ವೈಫೈ ಹೋಗಿ ಮೂರು ರೌಂಡ್ ಆ್ಯಪೇ ಆರಿಸಿಬಿಡ್ತು, ಎಂಟನೇ ರೌಂಡಲ್ಲಿ ನಂಗೊಬ್ಬ ಕಿಕ್ಕರ್ ಕೊಟ್ಟಿತ್ತು. ಫೋನ್ ಹಾಟ್‌ಸ್ಪಾಟ್ ಮೊದ್ಲೇ ಆನ್ ಮಾಡಿಡಿ.

ಜರ್ಸಿ ಜಯನಗರ
(ಸೋಮವಾರ ಬೆಳಿಗ್ಗೆ) ಮುಗೀತು ನಿನ್ನೆ, ರಾತ್ರಿ ಒಂದು ಗಂಟೆವರೆಗೂ ನಿದ್ದೆ ಬರ್ಲಿಲ್ಲ.

ಮ್ಯಾನೇಜರು ಚೇಸ್. ಎರಡನೇಯವ್ರು ಗಡಿಯಾರ ಶುರುವಾದ ಎರಡೇ ಸೆಕೆಂಡಿಗೆ ಸೇಕ್ವಾನ್. ನಂಗೆ ಬಿಜಾನ್! 3ನೇ ಪಿಕ್ಕಲ್ಲಿ ಬಿಜಾನ್, ಮೂರು ದಿನ ಯಾರ ಬಗ್ಗೆ ಯೋಚ್ನೆನೇ ಮಾಡಿರ್ಲಿಲ್ವೋ ಅವ್ನು. 22ಕ್ಕೆ ಮೆಕ್‌ಬ್ರೈಡ್ ತಗೊಂಡೆ, ಟಿಇ ಪುಟದಲ್ಲಿ ಕೆಂಪು ಗೆರೆ ಮೇಲೆ ಅವ್ನೂ ಕಿಟಲೂ ಇಬ್ರೇ ಉಳಿದಿದ್ರು. 27ಕ್ಕೆ ರಿಸೀವರ್ ಸ್ಮಿತ್ ಎನ್‌ಜಿಗ್ಬಾ ಸಿಕ್ಕ.

ಅಕ್ಕ, 70ನೇ ಪಿಕ್ ಬಂದಾಗ ಕೈ ನಡುಗ್ತಿತ್ತು ನಂಗೆ. ಕ್ಯೂಬಿ ಇರ್ಲಿಲ್ಲ ನನ್ ಹತ್ರ, ಮೇಫೀಲ್ಡ್ ಹೆಸರು ಮೇಲೇ ಕಾಣ್ತಿದೆ, 90 ಸೆಕೆಂಡ್ ಗಡಿಯಾರ ಓಡ್ತಿದೆ. ಮುಂದಿನ ಇಬ್ಬರ ಟೀಮ್ ತೆಗೆದು ನೋಡಿದೆ, ಮ್ಯಾನೇಜರ್ ಹತ್ರ ಕ್ಯೂಬಿ ಜಾಶ್ ಆಲನ್, ಈಗಲ್ಸ್‌ನವ್ರ ಹತ್ರ ಹರ್ಟ್ಸ್, ಇನ್ನೇನು ಇರುತ್ತೆ. ಧೈರ್ಯ ಮಾಡಿ ಮೇಫೀಲ್ಡ್ ಬಿಟ್ಟು ರಿಸೀವರ್ ತಗೊಂಡೆ. 71, 72, 73, 74. ನಾಲ್ಕೂ ಆರ್‌ಬಿ ರಿಸೀವರು. 75ಕ್ಕೆ ಮೇಫೀಲ್ಡ್ ಅಲ್ಲೇ ಕೂತಿದ್ದ. ನಮ್ಮನೆಯವ್ಳು ಅಡುಗೆಮನೆಯಿಂದ ಏನಾಯ್ತು ಅಂತ ಓಡಿ ಬಂದ್ಲು, ಅಷ್ಟು ಜೋರಾಗಿ ಕೂಗಿದೀನಿ.

ಕೊಡಗು ಕಾಫಿ
ಶಭಾಷ್! ಇನ್ನೊಂದು ಕೆಲ್ಸ ಬಾಕಿ ಇದೆ. ವೇವರ್‌ನಿಂದ ಆಟಗಾರರನ್ನ ಎತ್ಕೊಳ್ಳೋಕೆ 100 ಡಾಲರ್ ಇರುತ್ತಲ್ಲ, ಮೊದಲೆರಡು ವಾರದಲ್ಲಿ ಹೊಸಬ ಯಾರಾದ್ರೂ ಜಾಗ ಹಿಡಿದ್ರೆ ಜಿಪುಣತನ ಮಾಡ್ಬೇಡಿ. ಡಿಸೆಂಬರಿಗೆ ಉಳಿಸಿಟ್ಟ ದುಡ್ಡಿಗೆ ಏನೂ ಸಿಗಲ್ಲ.

ಹುಬ್ಬಳ್ಳಿ ಡೆಟ್ರಾಯ್ಟ್
ಗಿಬ್ಸ್ ಯಾರ ಪಾಲಾದನ್ರೀ?

ಜರ್ಸಿ ಜಯನಗರ
4ನೇ ಪಿಕ್, ನನ್ನ ಹಿಂದೇನೇ. 8ನೇ ವಾರ ಅವ್ರ ಮೇಲೇ ನನ್ನ ಮ್ಯಾಚು ಬಿದ್ದಿದೆ.

ಹುಬ್ಬಳ್ಳಿ ಡೆಟ್ರಾಯ್ಟ್
8ನೇ ವಾರ ಲಯನ್ಸ್‌ಗೆ ಬೈ (ಮ್ಯಾಚ್ ಇಲ್ದ ವಾರ) ಐತ್ರೀ, ಗಿಬ್ಸ್ ಆಡಂಗಿಲ್ಲ ಅವತ್ತ. ದೇವರು ದೊಡ್ಡಾಂವ.

ನೈಟ್ ಶಿಫ್ಟ್ ಬೆಂಗ್ಳೂರು
ನನ್ ಡ್ರಾಫ್ಟ್ ಮಂಗಳವಾರ, ನಮ್ಗೆ ಬುಧವಾರ ಬೆಳಿಗ್ಗೆ ಆರಕ್ಕೆ. ನೋಟ್‌ಬುಕ್ ತಂದೆ, ಕೆಂಪು ಪೆನ್ನೂ ತಂದೆ. ಅಕ್ಕ, ರಿಸೀವರ್ ಪುಟದಲ್ಲಿ ಮೊದಲ ಗೆರೆ ಎಲ್ಲಿ ಎಳೀಲಿ, ನೇಬರ್ಸ್ ಆದ್ಮೇಲೋ ಅಥ್ವಾ ನಿಕೋ ಕಾಲಿನ್ಸ್ ಆದ್ಮೇಲೋ?